ಕಂಕುಳ ಹೊಲಿಗೆ

ನಿನ್ನ ಹೆಸರು ನಮಗೆ ಗೊತ್ತಿರಲಿಲ್ಲ.
ಪರದೆಯ ಮೇಲೆ ಅಕ್ಷರ ಓಡುವ ವೇಗಕ್ಕೆ
ನಾನು ಎರಡನೆಯದನ್ನು ಕೂಡಿಸುವಷ್ಟರಲ್ಲಿ
ನೀನಾಗಲೇ ರೈಲಿನಿಂದ ಇಳಿದಿರುತ್ತಿದ್ದೆ,
ಒಂದು ಕೈಯಲ್ಲಿ ಟೋಪಿ ಒತ್ತಿ ಹಿಡಿದು.
ಕಾರವಾರಕ್ಕೆ ರೈಲು ಬರಲು
ಇನ್ನೂ ಮೂವತ್ತು ವರ್ಷವಿತ್ತು.

ಇನಾಸ್ ಮೇಸ್ತ್ರಿ ನಿನಗಿಟ್ಟ ಹೆಸರು ಬೋಟ್‌ನೆಕ್ಕು.
ನಿನ್ನ ಜೋಡಿ, ಅಗಲಭುಜ.
ಅವನ ಕೋಟಿನೊಳಗೆ ಎಷ್ಟು ಹತ್ತಿ ತುಂಬಿದ್ದಾರೆಂದು
ಕತ್ತಲಲ್ಲೇ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.

ಭಾನುವಾರ, ಇಗರ್ಜಿ ಬಿಟ್ಟ ಮೇಲೆ,
ಹತ್ತೂವರೆಗೆ ಇಂಗ್ಲಿಷ್ ಆಟ.
ಬಂದರು ರಸ್ತೆಯ ಟಾಕೀಸು, ತಗಣೆಯ ಬೆಂಚು.
ಪಕ್ಕದಲ್ಲಿ ಕಾಜಾ ಹೊಲಿಯುವ ಹುಡುಗಿ ನಾನು,
ಹರಿಕಂತ್ರರ ಕೇರಿಯವಳು, ಹದಿನಾಲ್ಕು ವರ್ಷ.
ಕೈಗೆ ಬಂಗಡೆಯ ವಾಸನೆಯಿದ್ದ ದಿನ
ಸ್ಯಾಟಿನ್ ಮುಟ್ಟಕೂಡದೆಂಬ ಕರಾರಿನ ಮೇಲೆ ಕೆಲಸಕ್ಕಿದ್ದೆ.
ಟಿಕೇಟು ಅವರದು. ಆದರೆ ಪಾಲು ಉಂಟು:
ಸೊಂಟದಿಂದ ಮೇಲೆ ಅವರು ನೋಡಬೇಕು,
ಕೆಳಗೆ ನಾನು.
ನೀನು ಆ ಉದ್ದ ಮೆಟ್ಟಿಲು ಇಳಿಯುವಾಗ
ಲಂಗದಂಚು ನೆಲದಿಂದ ಎಷ್ಟು ಬೆರಳು, ಎಲ್ಲಿ ನೆರಿಗೆ,
ಇಷ್ಟನ್ನು ನಾನು ಹೊತ್ತು ತರಬೇಕು ಅಂಗಡಿಗೆ.

ಒಂದು ಸಲವೂ ಸರಿಯಾಗಿ ತರಲಿಲ್ಲ.

"ಮುಖ ನೋಡಬೇಡ ಶೇವಂತಿ, ಕಂಕುಳು ನೋಡು.
ಅವಳು ತೋಳೆತ್ತಿದಾಗ ಹೊಲಿಗೆ ಕಂಡಿತೇ?
ಅದನ್ನು ಮುಚ್ಚಿಟ್ಟವನೇ ದೊಡ್ಡ ನಟ."
ನಾನು ಹೂಂ ಅಂದೆ.
ಮುಖವನ್ನೇ ನೋಡಿದೆ.

ಹೇಗೆ ನೋಡದಿರಲಿ?
ನಿನ್ನ ಕೆನ್ನೆಯ ಮೇಲೆ ಕಣ್ಣೀರು ಇಳಿಯದೆ ನಿಲ್ಲುತ್ತಿತ್ತು,
ಕೆಸುವಿನೆಲೆಯ ನೀರಿನ ಹಾಗೆ.
ನಮ್ಮ ಮನೆಯಲ್ಲಿ ಅಳುವವರ ಮೂಗು ಸೋರುತ್ತಿತ್ತು.
ನೀನು ಕೈಚೀಲ ಕಳಚುವಾಗ ಒಂದೊಂದೇ ಬೆರಳು,
ಅಪ್ಪ ಸಿಗಡಿ ಸುಲಿಯುವುದಕ್ಕಿಂತ ನಿಧಾನ,
ಆ ಐದು ಬೆರಳಿನ ಹೊತ್ತಿನಲ್ಲಿ
ಅಗಲಭುಜ ಮೂರು ಸಲ ಮನಸ್ಸು ಬದಲಿಸಿದ.
ಮಾತು ಒಂದೂ ತಿಳಿಯಲಿಲ್ಲ. ಎಲ್ಲ ತಿಳಿಯಿತು.

ಹುಬ್ಬಳ್ಳಿಯ ಬಸ್ಸಿನ ನೆತ್ತಿಯ ಮೇಲೆ
ಅರಬೈಲು ಘಾಟಿಯ ತಿರುವು ಕುಡಿದು ಬಂದ ಡಬ್ಬಿಗಳು.
ಒಮ್ಮೆ ಮೂರನೆಯ ರೀಲು ಎರಡನೆಯದಕ್ಕೂ ಮುಂಚೆ ಬಂತು.
ನೀನು ಸತ್ತೆ. ಆಮೇಲೆ ಕುಣಿದೆ.
ಹಾಗೇ ಇರಬೇಕೆಂದು ನಂಬಿ ಮನೆಗೆ ಹೋದೆವು.
ಈಗಲೂ ಅದೇ ಸರಿ ಅನ್ನಿಸುತ್ತದೆ.

ಕಡವಾಡದ ಎಸ್ಪೆರಾಳ ಮದುವೆಗೆ
ಮೇಸ್ತ್ರಿ ನಿನ್ನ ಗೌನು ಹೊಲಿದರು.
ಮಡಗಾಂವಿನಿಂದ ತಂದ ಬಟ್ಟೆ, ಬೂದಿ ಬಣ್ಣ.
ಹುಡುಗಿಯ ತಾಯಿ ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು.
"ಮದುವೆಗೆ ಬೂದಿಯೇ ಇನಾಸ್?"
"ನಾನು ಕಣ್ಣಾರೆ ಕಂಡದ್ದು ಬೂದಿಯೇ ಬಾಯಿ,
ಬಣ್ಣವನ್ನು ನಾನು ಊಹಿಸುವವನಲ್ಲ."
ಎಸ್ಪೆರಾ ಉಟ್ಟಳು.
ಇಗರ್ಜಿಯ ಬಾಗಿಲಲ್ಲಿ ಬ್ಯಾಂಡಿನವರು ಒಂದು ತಾಳ ತಪ್ಪಿದರು.
ಫೋಟೋದಲ್ಲಿ ಮಾತ್ರ, ಏನು ಹೇಳಲಿ,
ಉಳಿದವರೆಲ್ಲ ಕಾರವಾರದವರು,
ಅವಳೊಬ್ಬಳು ನಿನ್ನ ಊರಿನವಳು.

ಮೊನ್ನೆ ಮೊಮ್ಮಗಳ ಫೋನಿನಲ್ಲಿ ನೀನು ಸಿಕ್ಕಿದೆ.
ಹೆಸರೂ ಇತ್ತು. ಅವಳು ಓದಿ ಹೇಳಿದಳು.
ಬೇಡವಾಗಿತ್ತು.
ಯಾರೋ ಬಣ್ಣ ಬಳಿದಿದ್ದರು, ಗೌನು ಕೆಂಪು, ತುಟಿಯೂ.
"ಇದನ್ನು ತೆಗೆಯಲು ಬರುತ್ತದೇನೇ?" ಅಂದೆ.
ಏನೋ ಒತ್ತಿದಳು. ಬೂದಿ ವಾಪಸು ಬಂತು.

ಮೆಟ್ಟಿಲು. ನಿಲ್ಲಿಸು. ದೊಡ್ಡದು ಮಾಡು.
ಅಂಚು ನೆಲದಿಂದ ಎರಡೂವರೆ ಬೆರಳು,
ಅರವತ್ತು ವರ್ಷದ ಮೇಲೆ ಲೆಕ್ಕ ಒಪ್ಪಿಸಿದ್ದೇನೆ.
ಇನ್ನು ಅವರ ಪಾಲಿನದು.
ನೀನು ತೋಳೆತ್ತಿದೆ, ಅಗಲಭುಜನ ಕೊರಳಿಗೆ.
ಕಂಕುಳ ಹತ್ತಿರ, ಹೊಲಿಗೆಯಿರಬೇಕಾದಲ್ಲಿ,
ಒಂದು ಪಿನ್ನು.
ನಮ್ಮ ಸಂತೆಯಲ್ಲಿ ಡಜನಿಗೆ ಎರಡಾಣೆಗೆ ಸಿಗುತ್ತಿದ್ದಂಥದು,
ಅವಸರದಲ್ಲಿ ಚುಚ್ಚಿದ್ದು, ಮಿಣುಕುತ್ತಿತ್ತು.

ಅದು ಚುಚ್ಚುತ್ತಿರಲಿಲ್ಲವೇನೇ ನಿನಗೆ?
ಮುಖದಲ್ಲಿ ಒಂದಿಷ್ಟೂ ತೋರಿಸಲಿಲ್ಲ.

ಸುಂಕೇರಿಯ ಸಿಮೆಂತ್ರಿಯಲ್ಲಿ ಮೇಸ್ತ್ರಿ ಇದ್ದಾರೆ,
ಗೋಡೆಯ ಬದಿ, ಗೇರುಮರದ ಕೆಳಗೆ.
ಬೆಳಿಗ್ಗೆ ಮೀನು ತರಲು ಆ ದಾರಿಯಲ್ಲೇ ಹೋಗಬೇಕು.
ಹೇಳಲೋ ಬೇಡವೋ
ಗೊತ್ತಾಗುತ್ತಿಲ್ಲ.