ಎರಡು ಗಂಟೆಯೊಳಗೆ

ಸೇತುವೆಯ ಕಂಬಕ್ಕೆ ಹಳದಿ ಕಾಗದ ಹಚ್ಚಿ ಹೋಗಿದ್ದಾರೆ.
ಮಧ್ಯಾಹ್ನ ಎರಡರಿಂದ ನಡುರಾತ್ರಿಯ ತನಕ
ಈ ಹೊಳೆಗೆ ಗಾಳ ಹಾಕುವಂತಿಲ್ಲ.
ಗೂಬೆ ಕಾನೂನು ಅನ್ನುತ್ತೇವೆ ಮೊಂಟಾನಾದಲ್ಲಿ ನಾವು,
ಗೂಬೆ ಇನ್ನೂ ಕೂಗುತ್ತಿರುವಾಗ ಎದ್ದವರಿಗಷ್ಟೇ ಮೀನು.

ಎದ್ದೆವು. ಸೋದರಮಾವ ಆರ್ವಿಡ್, ಹುಟ್ಟು ಹಾಕಲು ನಾನು,
ಇಡೀ ದಿನಕ್ಕೆ ದುಡ್ಡು ತೆತ್ತು
ಒಮಾಹಾದಿಂದ ಬಂದ ಹಲ್ಲಿನ ಡಾಕ್ಟರು.

ಆಗಸ್ಟ್ ಮುಗಿಯುತ್ತ ಬಂತು. ದೋಣಿ ಇಳಿಸುವಲ್ಲಿ ನೀರೇ ಇಲ್ಲ,
ಬೆನ್ನು ಕಾಣಿಸಿ ಮಲಗಿದ ಕಲ್ಲುಗಳ ಮೇಲೆ
ಪಾಚಿ ಒಣಗಿ ಹಳೆ ಕಂಬಳಿಯ ಹಾಗೆ ಏಳುತ್ತಿದೆ.
ಜೂನಿನಲ್ಲಿ ನನ್ನ ಸೊಂಟ ಹಿಡಿದು ಕೆಡವಿದ್ದ ಹೊಳೆ
ಈಗ ಮೊಣಕಾಲಿಗೂ ಬಾರದೆ
ಕಲ್ಲು ಕಲ್ಲಿನ ಹತ್ತಿರ ನಿಂತು ದಾರಿ ಕೇಳುತ್ತಿದೆ.

ಮಾವನ ಥರ್ಮಾಮೀಟರಿಗೆ ಹಳೆ ಬೂಟಿನ ಲಾಡಿ.
ನೆರಳಲ್ಲಿ ಇಳಿಬಿಟ್ಟು, ನೂರರ ತನಕ ಎಣಿಸಿ,
ಮೇಲೆತ್ತಿ, ಕನ್ನಡಕ ಹಣೆಗೇರಿಸಿ ಓದುತ್ತಾನೆ.
ಆರಕ್ಕೆ ಅರವತ್ತೊಂದು.
ಜ್ವರ ನೋಡುವ ಅದೇ ಫ್ಯಾರನ್‌ಹೀಟು,
ಆದರೆ ಎಪ್ಪತ್ತೆಂದರೆ ನಮ್ಮ ಮೈಗೆ ಹೆಣದ ತಣ್ಪು,
ಟ್ರೌಟ್ ಮೀನಿಗೆ ಸನ್ನಿ.

ಡಾಕ್ಟರು ಚೆನ್ನಾಗಿ ಬೀಸುತ್ತಾರೆ, ಸುಳ್ಳು ಹೇಳಬಾರದು.
ರಬ್ಬರು ಕಾಲಿನ ಹುಸಿ ಮಿಡತೆ
ದಡದ ಹುಲ್ಲಿನಿಂದ ಆಯತಪ್ಪಿದಂತೆ ಬೀಳುತ್ತದೆ.
ಎಂಟರೊಳಗೆ ಎರಡು ಮೀನು.
ಹತ್ತೂವರೆಗೆ ಇನ್ನೊಂದು,
ಅದು ಜಗ್ಗಲಿಲ್ಲ, ಬರುತ್ತೇನೆ ಬಿಡಪ್ಪ ಅಂದ ಹಾಗೆ
ದಾರದ ಹಿಂದೆ ಬಂತು.

ಮಾವ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ
ಹೊಳೆ ಬರುವ ದಿಕ್ಕಿಗೆ ಅದರ ತಲೆ ಮಾಡಿ ಹಿಡಿದ.
ಒಮ್ಮೆ ಹೊಟ್ಟೆ ಮೇಲಾಯಿತು. ತಿರುಗಿಸಿದ. ಮತ್ತೊಮ್ಮೆ.
ಫೋಟೋ? ಅಂದರು ಡಾಕ್ಟರು.
ನಾನು ಹುಟ್ಟು ನೋಡುತ್ತ ಕೂತೆ.
ಕಿವಿರು ತೆರೆದು, ಮುಚ್ಚಿ, ತೆರೆದು,
ಹನ್ನೊಂದು ನಿಮಿಷ ಮಾವನ ಲೋಹದ ಮಂಡಿ ಕಲ್ಲಿನ ಮೇಲೆ.
ಬಾಲ ಒಂದು ಸಲ ಅವನ ಬೆರಳನ್ನು ಒದೆಯಿತು.

ಹೋಯಿತು, ಅಂದೆ.
ಹೋಗಿದೆ, ಅಂದ. ಬದುಕಿದೆ ಅಂತ ನಾನು ಹೇಳಲಿಲ್ಲ.

ಹನ್ನೆರಡಕ್ಕೆ ಅರವತ್ತೊಂಬತ್ತು.
ಕಾಡು ಎಲ್ಲೋ ಉರಿಯುತ್ತಿತ್ತು, ಹೊಗೆಯಲ್ಲಿ ಸೂರ್ಯ
ನೇರ ನೋಡಬಹುದಾದ ತಾಮ್ರದ ಬಿಲ್ಲೆ.
ವಿಲೋ ಮರಗಳ ತಿರುವಿಗೆ ದೋಣಿ ಜಾರಿತು.
ಅಲ್ಲಿ ನೆಲದಡಿಯ ಒರತೆಯೊಂದು ಸದ್ದಿಲ್ಲದೆ ಹೊಳೆಗೆ ಸೇರುತ್ತದೆ,
ಒಂದು ಹಗ್ಗದಗಲ ತಣ್ಣೀರು.
ಆ ಹಗ್ಗದುದ್ದಕ್ಕೂ ಮೀನು,
ಎರಡು ಮೈಲಿಯ ಹೊಳೆ ಬಿಟ್ಟು ಬಂದು
ಮೂಗಿಗೆ ಮೂಗು ತಾಗಿಸಿ ನಿಂತ ಮೀನು.

ಡಾಕ್ಟರ ಕೈ ಕೋಲಿಗೆ ಹೋಯಿತು.
ಇನ್ನೂ ಎರಡು ಗಂಟೆ ಇದೆಯಲ್ಲ?

ಕಾನೂನಿಗೆ ಇದೆ, ಅಂದ ಮಾವ.
ಆಮೇಲೆ, ನಾನು ಎಂದೂ ಕೇಳಿರದ ಮಾತು:
ಕಾಡೆಲ್ಲ ಉರಿದ ವರ್ಷ ಇಲ್ಲೇ ನಿಂತು
ಒಂದು ಮಧ್ಯಾಹ್ನಕ್ಕೆ ಮೂವತ್ತೊಂದು ಹಿಡಿದೆ.
ಎಲ್ಲ ಬಿಟ್ಟೆ, ಒಂದನ್ನೂ ಕೊಲ್ಲಲಿಲ್ಲ ಅಂತ
ಬಾರಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ.
ಮರುದಿನ ಕೆಳಗಿನ ಸೇತುವೆಯ ಹತ್ತಿರ
ಬಿಳಿ ಹೊಟ್ಟೆಗಳು. ಅವನ್ನೂ ಎಣಿಸಿದೆ.
ಅದನ್ನು ಬಾರಿನಲ್ಲಿ ಹೇಳಲಿಲ್ಲ.

ಡಾಕ್ಟರು ಮಾತಾಡಲಿಲ್ಲ. ಥರ್ಮಾಮೀಟರು ಕೇಳಿ ಪಡೆದು
ಒರತೆಗೆ ಅದ್ದಿ, ರೋಗಿಯ ಬಾಯಿಂದ ತೆಗೆದಷ್ಟು ಜೋಪಾನವಾಗಿ
ಬೆಳಕಿಗೆ ಹಿಡಿದರು. ಐವತ್ತೆರಡು, ಅಂದರು,
ನಮಗೆ ಗೊತ್ತಿಲ್ಲವೇನೋ ಎಂಬಂತೆ.

ಮಾವ ಅಂಗಿಯ ಜೇಬಿನಿಂದ ಅರ್ಧ ದುಡ್ಡು ವಾಪಸು ಕೊಟ್ಟ.
ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ.
ತೆಗೆದುಕೊಂಡರು, ಎಣಿಸಿಯೇ ಒಳಗಿಟ್ಟರು,
ಆಮೇಲೆ ಟೋಪಿ ತೆಗೆದು ಕಲ್ಲಿನ ಮೇಲೆ ಕೂತರು.

ನಾನು ಮೀನು ಎಣಿಸುತ್ತಿದ್ದೆ.
ನಲವತ್ತರ ತನಕ ಸರಿಯಾಗಿಯೇ ಇತ್ತು,
ಯಾವುದೋ ಒಂದು ಬಾಲ ಅಲ್ಲಾಡಿತು,
ನೆರಳುಗಳೆಲ್ಲ ಸ್ವಲ್ಪ ಸ್ವಲ್ಪ ಸರಿದು
ಇನ್ನೊಂದಕ್ಕೆ ಜಾಗ ಬಿಟ್ಟವು.