ಹದಿನೆಂಟು ನಿಮಿಷದ ಹುಲ್ಲು

"ಎಷ್ಟು ದೊಡ್ಡದು ಅಂಗಳ?" ಎಂದ ಅಂಗಡಿಯ ಹುಡುಗ.
ಗ್ರಿಮ್ಸ್‌ಬಿ ಊರಂಚಿನ ದೊಡ್ಡ ಅಂಗಡಿ,
ಗಾಜಿಗೆ ಕಡಲಿನ ಉಪ್ಪು.
ಮೂವತ್ತೊಂದು ವರ್ಷ ಬಟ್ಟೆ ಒಣಹಾಕಿದ ಜಾಗ,
ಉತ್ತರ ಬಾಯಿಗೆ ಬರಲಿಲ್ಲ.
"ಇಷ್ಟು" ಎಂದು ಕೈ ಅಗಲಿಸಿದೆ.
ಬಲಗೈ ಅರ್ಧಕ್ಕೇ ನಿಂತಿತು.

ಈ ಭುಜದ್ದೇ ಎಲ್ಲ ಕಥೆ.
ಶೆಡ್ಡಿನಲ್ಲಿ ಪೆಟ್ರೋಲಿನ ಹಳೇ ಯಂತ್ರವಿದೆ, ಹಸಿರು ಬಣ್ಣದ್ದು,
ಹಗ್ಗ ಎಳೆದರೆ ಕೆಮ್ಮುತ್ತದೆ, ಮತ್ತೆ ಎಳೆದರೆ ಉಗುಳುತ್ತದೆ,
ಮೂರನೆಯದಕ್ಕೆ ಬೈಗುಳ ಸೇರಿಸಿದರೆ ಮಾತ್ರ ಏಳುತ್ತದೆ.
ಬೈಗುಳಕ್ಕೆ ನನ್ನಲ್ಲಿ ಬರವಿಲ್ಲ,
ಮೀನು ಕೊಯ್ಯುವ ಸಾಲಿನಲ್ಲಿ ಇಪ್ಪತ್ತಾರು ವರ್ಷ ನಿಂತವಳು.
ಎಳೆಯುವ ಕೈ ಅಲ್ಲೇ ಸವೆದುಹೋಯಿತು.

ಹುಡುಗ ಒಂದೊಂದಾಗಿ ತೋರಿಸಿದ.
ನಲವತ್ತಾರು ಸೆಂಟಿಮೀಟರ್ ಅಗಲದ್ದು,
ಫುಟ್‌ಬಾಲ್ ಮೈದಾನವಿದ್ದರೆ ತರಬಹುದು.
ತಾನೇ ಮುಂದೆ ನಡೆಯುವುದು ಇನ್ನೊಂದು,
ಹಗ್ಗ ಕಟ್ಟಿದ ನಾಯಿಯಂತೆ ನನ್ನನ್ನೇ ಬೀದಿಗೆ ಎಳೆದೀತು.
ಮತ್ತೊಂದು ತಟ್ಟೆಯಂಥದ್ದು, ಮನುಷ್ಯರೇ ಬೇಡವಂತೆ,
ರಾತ್ರಿಯೆಲ್ಲ ತಾನೇ ಮೇಯುತ್ತದಂತೆ.
"ಮುಳ್ಳಿಲಿ ಬಂದರೆ?" ಅಂದೆ.
ಅವನು ಪೆಟ್ಟಿಗೆಯ ಹಿಂಬದಿ ಓದತೊಡಗಿದ.
"ಅಳೆದುಕೊಂಡು ಬನ್ನಿ," ಎಂದ ಕೊನೆಗೆ.

ಸ್ವೆಟರಿನ ಟೇಪು ಹಿಡಿದು ಮಂಡಿಯೂರಿದೆ,
ಟೇಪು ಮುಗಿದಲ್ಲೆಲ್ಲ ಒಂದು ಬಟ್ಟೆ ಕ್ಲಿಪ್ಪು ನೆಟ್ಟು
ಗೋಡೆಯಿಂದ ಬೇಲಿಗೆ, ಬೇಲಿಯಿಂದ ಗೋಡೆಗೆ.
ಹುಲ್ಲು ಎಂದುಕೊಂಡದ್ದರಲ್ಲಿ ಅರ್ಧ ಹುಲ್ಲೇ ಅಲ್ಲ:
ಪಾಚಿ, ಕ್ಲೋವರ್, ಇರುವೆಯ ಗುಡ್ಡ ಮೂರು,
ಪ್ಲಾಸ್ಟಿಕ್ ಸೈನಿಕನ ಒಂದು ಕಾಲು,
ಯಾರದೋ, ನಾವು ಬರುವ ಮುಂಚಿನದು.
ಗುಣಿಸಿದೆ. ನಲವತ್ತಾರು ಚದರ ಮೀಟರ್.
ಇಷ್ಟೇನಾ?
ನನ್ನ ಬಾಯಲ್ಲಿ ಅದು ಯಾವತ್ತೂ "ಹಿಂದಿನ ತೋಟ".
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ,
ಹುಲ್ಲುಹಾಸಿಗೂ ಅದೇ ಲೆಕ್ಕ.

ಬೇಲಿಯ ಮೇಲೆ ಗ್ರಾಜಿನಾಳ ತಲೆ ಮೂಡಿತು.
"ಥೆಲ್ಮಾ, ಏನು ಕಳೆದುಕೊಂಡೆ?"
"ಅರ್ಧ ಅಂಗಳ."
ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ ಅವಳದು,
ಹಗಲು ಹನ್ನೊಂದಕ್ಕೆ ಮಲಗುವವಳು.
ನನ್ನ ಹಸಿರು ಯಂತ್ರದ ಗುಡುಗಿಗೆ
ಒಂದು ದಿನವೂ ಕಿಟಕಿ ಬಡಿದವಳಲ್ಲ.
ತಲೆಯ ಮೇಲೆ ಎರಡು ದಿಂಬು ಒತ್ತಿಕೊಳ್ಳುತ್ತಿದ್ದಳಂತೆ,
ಈಗ ಹೇಳಿದಳು, ನಗುತ್ತ,
ಏಳು ವರ್ಷದ ಮೇಲೆ.

ಅವಳ ಕೈಯಲ್ಲಿ ಡ್ರಿಲ್ಲು, ಬೇಲಿಯ ಹಲಗೆ ಸಡಿಲಾಗಿತ್ತು.
ಡ್ರಿಲ್ಲಿನ ಬುಡಕ್ಕೊಂದು ಹಳದಿ ಬ್ಯಾಟರಿ.
ಅಂಗಡಿಯ ಮೂಲೆಯಲ್ಲಿ ನಾನು ಕಣ್ಣೆತ್ತಿ ನೋಡದೆ ಬಿಟ್ಟ
ಎರಡು ಬೆಕ್ಕಿನಷ್ಟು ಭಾರದ ಆ ಸಣ್ಣ ಯಂತ್ರಕ್ಕೂ
ಅದೇ ಹಳದಿ, ಅದೇ ಹದಿನೆಂಟು ವೋಲ್ಟು.
"ಬ್ಯಾಟರಿ ಬೇಡವಾದರೆ ಅರ್ಧ ಬೆಲೆ," ಎಂದಿದ್ದ ಹುಡುಗ.
"ಬ್ಯಾಟರಿಯಿಲ್ಲದೆ ಅದೊಂದು ಬಾನಲಿ," ಎಂದಿದ್ದೆ ನಾನು.

ಕೇಳಲು ಎರಡು ದಿನ ಹಿಡಿಯಿತು.
ಸಕ್ಕರೆ ಕೇಳಬಹುದು, ಏಣಿ ಕೇಳಬಹುದು,
ಕರೆಂಟು ಕೇಳುವುದು ಹೇಗೆ?
ಆಮೇಲೆ ಅಜ್ಜಿ ನೆನಪಾದಳು.
ಒಲೆ ಆರಿದ ಬೆಳಗು ಪಕ್ಕದ ಮನೆಯಿಂದ
ಸಲಿಕೆಯಲ್ಲಿ ಕೆಂಡ ತರುತ್ತಿದ್ದಳಂತೆ,
ಗಾಳಿಗೆ ಏಪ್ರನ್ನು ಅಡ್ಡ ಹಿಡಿದು.
ಕೆಂಡ ಯಾರೂ ಹಿಂತಿರುಗಿಸುವುದಿಲ್ಲ.
ಇದನ್ನಾದರೂ ತುಂಬಿಸಿ ಕೊಡಬಹುದಲ್ಲ.

ಈಗ ಪ್ರತಿ ಶನಿವಾರ ಮಲಗುವ ಮುನ್ನ
ಬೇಲಿಯ ಗೂಟದ ಮೇಲೆ ಅದನ್ನಿಟ್ಟು ಹೋಗುತ್ತಾಳೆ,
ಕೆಲವೊಮ್ಮೆ ಪಕ್ಕದಲ್ಲೊಂದು ಬಾಟಲಿ, ಹುಳಿ ಸೌತೆಕಾಯಿ.
ಕಟಕ್ ಎಂದು ಕೂರಿಸಿ ಗುಂಡಿ ಒತ್ತಿದರೆ
ಲೋಟದಡಿ ಸಿಕ್ಕ ಜೇನ್ನೊಣದಷ್ಟು ಸದ್ದು.
ಹಗ್ಗವಿಲ್ಲ, ಬೈಗುಳವಿಲ್ಲ. ಬೈಗುಳವಿಲ್ಲದ್ದು
ಮೊದಮೊದಲು ಸ್ವಲ್ಪ ಸಪ್ಪೆಯೆನಿಸಿತು.

ತುಂಬಿದ ಬ್ಯಾಟರಿಗೆ ಇಪ್ಪತ್ತು ನಿಮಿಷದ ಆಯುಸ್ಸು,
ನನ್ನ ಹುಲ್ಲಿಗೆ ಹದಿನೆಂಟು.
ಉಳಿದೆರಡರಲ್ಲಿ ಅವಳ ಗೇಟಿನ ಪಕ್ಕದ ಪಟ್ಟಿ:
ಒಂದು ಸಾಲು ಹೋಗಿ, ತಿರುಗಿ, ಅರ್ಧ ಬರುವಷ್ಟರಲ್ಲಿ
ನಿಂತುಬಿಡುತ್ತದೆ, ಹೇಳದೆ ಕೇಳದೆ.
ಹಾಗಾಗಿ ಅಲ್ಲಿ ಅರ್ಧ ಸಾಲು ಯಾವಾಗಲೂ ಉದ್ದ.
ಡೈಸಿ ಎದ್ದಿದೆ ಅದರಲ್ಲಿ.

ಮೇಲಿನ ಕಿಟಕಿಗೆ ಪರದೆ ಎಳೆದಿದೆ.
ಬ್ಯಾಟರಿ ಕಿತ್ತು ಕೈಯಲ್ಲಿ ಹಿಡಿದೆ,
ಇನ್ನೂ ಬೆಚ್ಚಗಿತ್ತು.