ಅಕ್ಷರಕ್ಕೆ ಆರು ರೂಪಾಯಿ

ಅಕ್ಷರಕ್ಕೆ ಆರು ರೂಪಾಯಿ. ಒತ್ತಿಗೆ ಬೇರೆ ಇಲ್ಲ,
ಗುಡಿಸಿಗೂ ಇಲ್ಲ. ಕೊಂಬು, ದೀರ್ಘ, ಸೊನ್ನೆ ಎಲ್ಲ
ಕೊಸರು, ಸೊಪ್ಪಿನವಳು ಹಾಕುವ ಕರಿಬೇವಿನ ಹಾಗೆ.

ಹುಣಸೆಕೊಪ್ಪಲಿನ ಹೊಸ ಶಾಲೆಯ ಗೋಡೆ
ಇನ್ನೂ ಹಸಿ ವಾಸನೆ ಬಿಡುತ್ತಿದೆ.
ಹೆಡ್ ಮೇಡಂ ವಿಲಾಸಿನಿ ಕೊಟ್ಟ ಪಟ್ಟಿ
ಹಾಳೆಯ ಎರಡೂ ಮಗ್ಗುಲು ತುಂಬಿ ಅಂಚಿಗೆ ಹತ್ತಿದೆ:

ಮೈಸೂರಿನ ಟೈರ್ ಅಂಗಡಿಯವರು, ಬೆಂಚು ಇಪ್ಪತ್ತೆರಡು.
ಪಾಂಡವಪುರದ ಹಲ್ಲಿನ ಡಾಕ್ಟರು, ಫ್ಯಾನು ನಾಲ್ಕು.
ಹೆಸರು ಬೇಡ ಎಂದವರು, ನೀರಿನ ಟ್ಯಾಂಕು.
(ಬೇಡ ಅಂದದ್ದನ್ನೂ ಬರೆಯಲೇಬೇಕಂತೆ:
ಒಂಬತ್ತಕ್ಷರ, ಐವತ್ತನಾಲ್ಕು ರೂಪಾಯಿ.)
ನಿವೃತ್ತ ಕಂಡಕ್ಟರ್ ಚನ್ನಿಗಪ್ಪ, ತಾಯಿ
ದಿವಂಗತ ಸಣ್ಣತಾಯಮ್ಮನವರ ನೆನಪಿಗೆ
ಹಸಿರು ಬೋರ್ಡು, ಒಂದು.

ಸಣ್ಣತಾಯಮ್ಮನನ್ನು ನಾನು ಕಂಡಿದ್ದೆ. ರೇಷನ್ ಅಂಗಡಿ ಮುಂದೆ
ಹೆಬ್ಬೆಟ್ಟಿನ ಮಸಿಯನ್ನು ಕಂಬಕ್ಕೆ ಒರೆಸುತ್ತಿದ್ದಳು.
ಅವಳ ಹೆಸರು ಒಂದು ನೂಲು ದಪ್ಪಕ್ಕೇ ಬರೆದೆ.

ಬಿಸಿಯೂಟದ ಕೆಂಪಾಜಮ್ಮ ಪಟ್ಟಿಯಲ್ಲಿಲ್ಲ.
ಇಪ್ಪತ್ತೊಂದು ದಿನ ಏಣಿ ಹತ್ತಿ
ತಾರಸಿಗೆ ನೀರು ಕಟ್ಟಿದವಳು. ಅದಕ್ಕೆ ರಸೀದಿ ಹರಿಯೋದು ಹೇಗೆ?

ನಾನೂ ಓದಿದ್ದು ಇಲ್ಲೇ, ನಾಲ್ಕರ ತನಕ,
ಹೆಂಚು ಹಾರಿದ ಮೂಲೆಯಲ್ಲಿ, ಗೊಬ್ಬರದ ಚೀಲದ ಮೇಲೆ.
ಕುಂಡೆಯ ಕೆಳಗಿದ್ದ 'ಯೂರಿಯಾ'
ನಾನೇ ಕೂಡಿಸಿ ಓದಿದ ಮೊದಲ ಮಾತು.
ನಾಲ್ಕು ಹನಿ ಬಿದ್ದರೆ ಮೇಷ್ಟ್ರು ಶಾಲೆ ಬಿಡುತ್ತಿದ್ದರು.
ಮಹಾಪ್ರಾಣದ ಪಾಠ
ಮಳೆಗಾಲಕ್ಕೆ ಬಿದ್ದಿತ್ತೋ ಏನೋ.

ತಟ್ಟೆ ತೊಳೆದು ಬಂದ ಹುಡುಗಿ ಏಣಿಯ ಬುಡದಲ್ಲಿ ನಿಂತಳು.
ತಲೆ ಎತ್ತಿ ನೋಡಿದಳು, ನೋಡೇ ನೋಡಿದಳು.
"ಅಣ್ಣಾ, ಅದ್ರ ಹೊಟ್ಟೆ ಯಾಕ್ ಸೀಳಿದ್ದೀ?"
"ಯಾವ್ದ್ರದು?"
"ವಿದ್ಯಾದಾನಿಗಳು ಅಂತ ಬರ್ದಿದ್ದೀಯಲ್ಲ, ಅಲ್ಲಿ.
ವಿದ್ಯೆಗೆ ಸೀಳಲ್ಲ ಕಣಣ್ಣ. ಸೀಳೋದು ನನ್ ಹೆಸ್ರಿಗೆ,
ಧನ್ಯ ಅಂತ."
ಒದ್ದೆ ಬೆರಳಲ್ಲಿ ತಟ್ಟೆಯ ಮೇಲೆ ಬರೆದೂ ತೋರಿಸಿದಳು.

ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ.
ಗೀಟು ಹೋಯಿತು. ಕೆಂಪು ಕಲೆ ಹೋಗಲಿಲ್ಲ.
ಮೇಡಂ ನೋಡಿದರೋ ಇಲ್ಲವೋ,
"ಕೆಳಗೆ ಎರಡು ಸಾಲು ಹಾಗೇ ಇರಲಿ" ಅಂದರು,
"ಹೆಣ್ಣುಮಕ್ಕಳ ಶೌಚಾಲಯಕ್ಕೆ ಇನ್ನೂ ಯಾರೂ ಒಪ್ಪಿಲ್ಲ.
ನಾಳೆ ಒಬ್ಬರು ಫೋನ್ ಮಾಡ್ತೀನಿ ಅಂದಿದ್ದಾರೆ."

ಸಂಜೆ ಟಿವಿಎಸ್ ಮೇಲೆ ಮಂಡ್ಯಕ್ಕೆ ವಾಪಸು.
ಕಬ್ಬಿನ ಗಾಡಿಗಳ ಹಿಂದೆ, ನಿಧಾನ,
ನನ್ನದೇ ಕೈಬರಹ ಒಂದೊಂದಾಗಿ ಎದುರು ಬಂತು:
ವಿಧ್ಯಾಗಣಪತಿ ಫ್ಲೋರ್ ಮಿಲ್.
ವಿಧ್ಯಾಶ್ರೀ ಟೈಲರ್ಸ್.
ಬಸ್‌ಸ್ಟ್ಯಾಂಡಿನ ನೆತ್ತಿಯ ಮೇಲೆ, ಆನೆಗಾತ್ರಕ್ಕೆ,
ವಿಧ್ಯಾ ಟ್ಯುಟೋರಿಯಲ್ಸ್.
ಹದಿನೆಂಟು ವರ್ಷ, ಯಾರೂ ತಡೆದಿರಲಿಲ್ಲ;
ದುಡ್ಡು ಎಣಿಸಿ ಕೊಟ್ಟಿದ್ದರು.

ಗಾಡಿ ನಿಲ್ಲಿಸಿದೆ. ಚೀಲದಲ್ಲಿ ಬಟ್ಟೆಯಿತ್ತು,
ತಳದಲ್ಲಿ ಸೀಮೆಎಣ್ಣೆಯೂ ಒಂದಿಷ್ಟು.
ಏಣಿ ಮಾತ್ರ ಶಾಲೆಯಲ್ಲೇ ಬಿಟ್ಟು ಬಂದಿದ್ದೆ,
ಆ ಎರಡು ಸಾಲಿಗೆ.